ಅಪ್‌ಡೇಟ್: ಸರ್ಫೇಸ್ ಗ್ರೈಂಡರ್ ಟೇಬಲ್ ಈಗ ಸರಿಯಾಗಿ ಓಡ್ತಿದೆ, ಪಂಪ್ ಬದಲಿಸದೆಯೇ

ನಮ್ಮ ಹಳೇ ಸರ್ಫೇಸ್ ಗ್ರೈಂಡರ್‌ನ (ಲೋಹದ ಮೇಲ್ಮೈ ಉಜ್ಜಿ ಸಪಾಟು ಮಾಡುವ ಯಂತ್ರ) ಟೇಬಲ್ ಪಂಪಿನ ಎಣ್ಣೆ ಒತ್ತಡದಿಂದ ಎಡಕ್ಕೂ ಬಲಕ್ಕೂ ಓಡುವಂಥದ್ದು. ಅದು ನಿಧಾನ ಸ್ಪೀಡಿನಲ್ಲಿ ಜಗ್ಗಿ ಜಗ್ಗಿ ಓಡುತ್ತದೆ, ಬಲತುದಿಯಲ್ಲಿ ವಾಪಸ್ ತಿರುಗದೆ ನಿಂತುಬಿಡುತ್ತದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಪ್ರಶ್ನೆ ಕೇಳಿದ್ದೆ. ಪಂಪ್ ಹೋಗಿದೆ ಅಂದವರೇ ಹೆಚ್ಚು. ಪಂಪ್ ಗಟ್ಟಿಯಾಗೇ ಇದೆ. ತೊಂದರೆ ಎರಡು, ಒಂದಕ್ಕೊಂದು ಸಂಬಂಧವಿಲ್ಲ.

ಜರ್ಕಿಗೆ ಕಾರಣ ಗಾಳಿ. ಟ್ಯಾಂಕಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ನೊರೆಗಟ್ಟಿತ್ತು. ಪಂಪ್ ಓಡುತ್ತಿರುವಾಗಲೇ ಸಕ್ಷನ್ ಪೈಪಿನ (ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಎಳೆಯುವ ಪೈಪು) ಒಂದೊಂದೇ ಜಾಯಿಂಟಿಗೆ ಗ್ರೀಸ್ ಮೆತ್ತುತ್ತಾ ಹೋದೆ. ಪಂಪಿನ ಪಕ್ಕದ ನಟ್ಟಿಗೆ ಮೆತ್ತಿದ ಕೂಡಲೇ ಪಂಪಿನ ಕರಕರ ಸದ್ದು ನಿಂತಿತು. ಅಲ್ಲಿ ಫ್ಲೇರ್, ಅಂದರೆ ನಟ್ಟಿನೊಳಗೆ ಕೂರುವ ಪೈಪಿನ ಅಗಲಿಸಿದ ತುದಿ, ಸೀಳಿತ್ತು. ಸಕ್ಷನ್ ಕಡೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಹಾಗಾಗಿ ಅಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿಯೇ ಒಳಗೆ ಹೋಗುತ್ತದೆ, ಕಣ್ಣಿಗೆ ಏನೂ ಬೀಳುವುದಿಲ್ಲ. ಹೊಸ ಫ್ಲೇರ್ ಹಾಕಿ, ಸ್ಟ್ರೇನರ್ (ಎಣ್ಣೆ ಸೋಸುವ ಜಾಲರಿ) ತೊಳೆದು, ಯಂತ್ರದ ಪ್ಲೇಟಿನಲ್ಲಿ ಬರೆದಂತೆ ಐಎಸ್‌ಒ ವಿಜಿ 32 ದಪ್ಪದ ಎಣ್ಣೆ ತುಂಬಿಸಿದ್ದಾಯಿತು. ಆಮೇಲೆ ಟೇಬಲ್ ಎಲ್ಲಿ ವಾಪಸ್ ತಿರುಗಬೇಕೆಂದು ಗೊತ್ತುಮಾಡುವ ಸ್ಟಾಪ್‌ಗಳನ್ನು ಅಂಚಿಗೆ ಸರಿಸಿ ಟೇಬಲನ್ನು ಪೂರ್ತಿ ಸ್ಟ್ರೋಕ್ ಓಡಿಸಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತುದಿಯ ಗಾಳಿ ಅಲ್ಲೇ ಉಳಿಯುತ್ತದೆ.

ಬಲತುದಿಯಲ್ಲಿ ನಿಲ್ಲುತ್ತಿದ್ದದ್ದು ಪೈಲಟ್ ವಾಲ್ವಿನಿಂದ, ಅಂದರೆ ದಿಕ್ಕು ಬದಲಿಸುವ ಮೇನ್ ಸ್ಪೂಲನ್ನು (ಜಾರುವ ಉರುಳೆ) ಎಣ್ಣೆಯಿಂದ ಸರಿಸುವ ಸಣ್ಣ ವಾಲ್ವಿನಿಂದ. ಆ ಬದಿಯ ಚೋಕ್ ಸ್ಕ್ರೂ (ಎಣ್ಣೆಯ ಹರಿವು ಹೆಚ್ಚುಕಡಿಮೆ ಮಾಡುವ ಸ್ಕ್ರೂ) ತೂತಿನಲ್ಲಿ ಗಸಿ ಕಟ್ಟಿತ್ತು, ಮೇನ್ ಸ್ಪೂಲ್ ಪೂರ್ತಿ ಸರಿಯದೆ ನಡುವೆ ನಿಂತು ಪೋರ್ಟ್ ಮುಚ್ಚುತ್ತಿತ್ತು. ಶುಚಿ ಮಾಡಲು ಸೀಮೆಎಣ್ಣೆ, ಮೆತ್ತನೆ ಬಟ್ಟೆ ಸಾಕು. ಸ್ಪೂಲಿಗೆ ಎಮರಿ ಕಾಗದ ಮುಟ್ಟಿಸಬೇಡಿ. ಅಂಚು ಮೊಂಡಾದರೆ ಸೋರಿಕೆ ಖಾಯಂ.

ಉಳಿದದ್ದು ರಾಡ್ ಪ್ಯಾಕಿಂಗಿನ (ಸಿಲಿಂಡರ್ ರಾಡಿನ ಸುತ್ತ ಎಣ್ಣೆ ತಡೆಯುವ ಸೀಲು) ಸಣ್ಣ ಜಿನುಗು. ಹುಬ್ಬಳ್ಳಿಯ ಗೋಕುಲ ರೋಡಿನ ಅಂಗಡಿಗಳಲ್ಲಿ ಆ ಸೈಜು ಸಿಗಲಿಲ್ಲ. ಪ್ಯಾಕಿಂಗ್ ಒತ್ತಿ ಹಿಡಿಯುವ ಗ್ಲಾಂಡ್ ಬಿಗಿ ಮಾಡಿದರೆ ಟೇಬಲ್ ಮತ್ತೆ ಜಗ್ಗುತ್ತದೆ, ಸದ್ಯಕ್ಕೆ ಕೆಳಗೊಂದು ಡಬ್ಬಿ ಇಟ್ಟಿದೆ.