ಸಹಾಯ ಬೇಕು: ಗೋಡೆಗೆ ಬೂಷ್ಟು, ಮಗಳಿಗೆ ಉಬ್ಬಸ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ. ಮಳೆ ಹಿಡಿಯಿತೆಂದರೆ ಮಲಗುವ ಕೋಣೆಯ ಗೋಡೆ ಪೂರ್ತಿ ಕಪ್ಪು ಚುಕ್ಕಿ, ಬೀರು ಸರಿಸಿ ನೋಡಿದರೆ ಹಿಂದೆ ಹತ್ತಿಯಂತೆ ಬೆಳ್ಳಗೆ ಬೂಷ್ಟು, ಒಳಗಿಟ್ಟ ಬೆಲ್ಟು, ಚಪ್ಪಲಿಗೂ ಅದೇ ಗತಿ.

ಏಳು ವರ್ಷದ ಮಗಳಿಗೆ ಮೊದಲಿಂದ ಸ್ವಲ್ಪ ಉಬ್ಬಸ ಇದೆ. ಮಳೆಗಾಲದಲ್ಲಿ ಜಾಸ್ತಿ. ಬೆಳಗಿನ ಜಾವ ಕೆಮ್ಮು ಶುರುವಾದರೆ ನಿಲ್ಲುವುದೇ ಇಲ್ಲ, ಎದೆ ಗೊರಗೊರ ಅನ್ನುತ್ತದೆ. ಶಿವಮೊಗ್ಗಕ್ಕೆ ಅಜ್ಜಿ ಮನೆಗೆ ಹೋದರೆ ಕಡಿಮೆ. ಡಾಕ್ಟರ್ ಇನ್‌ಹೇಲರ್ ಕೊಟ್ಟಿದ್ದಾರೆ, ಆ ಕೋಣೆಯಲ್ಲಿ ಮಲಗಿಸಬೇಡಿ ಅಂದಿದ್ದಾರೆ.

ಓನರ್ ಪೇಂಟ್ ಹೊಡೆಸಿದರೆ ಸಾಕು ಅನ್ನುತ್ತಾರೆ. ನೀರು ಇಳಿಯುವುದು ನಿಲ್ಲದೆ ಪೇಂಟ್ ಹೊಡೆದು ಏನು ಪ್ರಯೋಜನ, ಅಲ್ವಾ? ತೇವ, ಬೂಷ್ಟು ಇರುವ ಮನೆಗಳಲ್ಲಿ ಆಸ್ತಮಾ, ಉಸಿರಾಟದ ತೊಂದರೆ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಅದನ್ನು ತೋರಿಸಿದರೂ "ಮಲೆನಾಡಲ್ಲಿ ಇದೆಲ್ಲ ಇದ್ದದ್ದೇ" ಅಂತಾರೆ. ಮಗು ಉಸಿರಿಗೆ ಒದ್ದಾಡುವಾಗ ಸುಮ್ನೆ ಕೂರಲು ಆಗುವುದಿಲ್ಲ.

ಸದ್ಯಕ್ಕೆ ಅವಳನ್ನು ಹೊರಗೆ ಕಳಿಸಿ, ಮಾಸ್ಕ್ ಹಾಕಿಕೊಂಡು ಸೋಪು ನೀರಲ್ಲಿ ಒರೆಸುತ್ತೇನೆ. ಒಣಗಿದ್ದನ್ನು ಗುಡಿಸಿದರೆ ಪುಡಿ ಹಾರಿ ಇನ್ನೂ ತೊಂದರೆ. ಆದರೆ ವಾರದಲ್ಲಿ ಮತ್ತೆ ಬರುತ್ತದೆ.

ಹೊರಗೋಡೆಗೆ ಎರಚಲು ಬೀಳದಂತೆ ತಗಡು ಹೊಡೆಸಿದವರು ಇದ್ದೀರಾ, ಒಳಗೆ ಒಣಗಿತಾ? ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಮೆಷಿನ್) ಬಳಸಿದವರು ಕರೆಂಟ್ ಬಿಲ್ ಎಷ್ಟು ಬರುತ್ತದೆ ಹೇಳಿ, ನಮ್ಮಲ್ಲಿ ಮಳೆ ಜೋರಾದರೆ ಕರೆಂಟೇ ಇರುವುದಿಲ್ಲ, ಅದೂ ಯೋಚನೆ. ಮಕ್ಕಳಿಗೆ ಬೂಷ್ಟಿನ ಅಲರ್ಜಿ ಟೆಸ್ಟ್ ಶಿವಮೊಗ್ಗದಲ್ಲೇ ಆಗುತ್ತದಾ, ಮಣಿಪಾಲಕ್ಕೇ ಹೋಗಬೇಕಾ? ಮಾಡಿಸಿದವರು ದಯವಿಟ್ಟು ತಿಳಿಸಿ.