18ಕ್ಕೆ ಪ್ರೀತಿ ಆಪರೇಷನ್ನಂತೆ, ನಮ್ಮನೆ ಗ್ರೂಪಲ್ಲಿ ಬೆಂಕಿ

ನಮ್ಮ ಗ್ರೂಪಿನ ಹೆಸ್ರು 'ಬೇವಿನಮರದ ಮನೆ'. ಅರ್ಧ ಮಂಡ್ಯದೋರು, ಅರ್ಧ ಮೈಸೂರೋರು, ಅಡ್ಮಿನ್ ನಾನು, ಅಂದ್ರೆ ಎರಡೂ ಕಡೆಯಿಂದ ಬೈಸ್ಕೊಳ್ಳೋನು. ಶನಿವಾರ ಮಧ್ಯಾಹ್ನ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದ್ರು:

"ಪೋಷಕರೇ ಎಚ್ಚರ!! ಪ್ರೀತಿ ಪ್ರೇಮ ಒಂದು ಕಾಯಿಲೆ, ಅಮೆರಿಕ ಸರ್ಕಾರ ಘೋಷಣೆ. 18 ವರ್ಷ ತುಂಬಿದ ಕೂಡಲೇ ಕಡ್ಡಾಯ ಆಪರೇಷನ್. ನಂತರ ಸರ್ಕಾರವೇ ಗೊತ್ತು ಮಾಡಿದ ಹುಡುಗನ ಜೊತೆ ಮದುವೆ. ನಮ್ಮ ಋಷಿಮುನಿಗಳು ಇದನ್ನು ಸಾವಿರಾರು ವರ್ಷಗಳ ಹಿಂದೆಯೇ ತಿಳಿಸಿದ್ದರು. ಹತ್ತು ಜನರಿಗೆ ಕಳಿಸಿ."

ಕೆಳಗೆ ಅವರದ್ದೇ ಒಂದು ಸಾಲು: "ನೋಡ್ರಪ್ಪ, ಕೊನೆಗೂ ಬುದ್ಧಿ ಬಂತು ಅವ್ರಿಗೆ. ನಮ್ಮಲ್ಲಿ ಯಾವಾಗ್ಲೋ."

ಆ ಕೊನೇ ಸಾಲು ಯಾರಿಗೆ ಅಂತ ಎಲ್ರಿಗೂ ಗೊತ್ತು. ಅವರ ಮಗ ಸೀನಣ್ಣ ರಿಜಿಸ್ಟರ್ ಮದುವೆ ಆಗಿದ್ದು ಇನ್ನೂ ಅರಗಿಲ್ಲ ಅವ್ರಿಗೆ.

ಕಿರಣ: ಸೋರ್ಸ್ ಎಲ್ಲಿ ದೊಡ್ಡಪ್ಪ? ಯಾವ ಪೇಪರಲ್ಲಿ ಬಂದಿದೆ?

ದೊಡ್ಡಪ್ಪ: ಎಲ್ಲಕ್ಕೂ ಸೋರ್ಸ್ ಕೇಳ್ತೀಯಲ್ಲ, ನೀನ್ ಹುಟ್ಟಿದ್ದಕ್ಕೆ ಸೋರ್ಸ್ ಏನ್ಲಾ?

ಕಿರಣ: ಬರ್ತ್ ಸರ್ಟಿಫಿಕೇಟ್. 2016ರಲ್ಲಿ ಎರಡು ಸಾವಿರದ ನೋಟಲ್ಲಿ ಚಿಪ್ ಐತೆ, ನೆಲದೊಳಗೆ ಹೂತಿಟ್ರೂ ಗೊತ್ತಾಯ್ತದೆ ಅಂದಿದ್ದೂ ನೀವೇ.

ದೊಡ್ಡಪ್ಪ: ಅದು ನಿಮ್ಮಪ್ಪ ಕಳ್ಸಿದ್ದು.

ಚಿಕ್ಕಪ್ಪ: ನನ್ನ ಯಾಕೆ ಎಳೀತೀಯ ಅಣ್ಣ, ನಾನ್ ಸುಮ್ನೆ ಇದೀನಿ.

ಶಾಂತತ್ತೆ: ಆಪರೇಷನ್ ಎಲ್ಲಿಗೆ ಮಾಡ್ತಾರಂತೆ, ಎದೆಗಾ ತಲೆಗಾ?

ನನ್ ಪ್ರಕಾರ ಇಡೀ ದಿನದಲ್ಲಿ ಬಂದ ಒಂದೇ ಒಳ್ಳೇ ಪ್ರಶ್ನೆ ಅದು, ಯಾರೂ ಉತ್ರ ಕೊಡ್ಲಿಲ್ಲ. ಅಷ್ಟ್ರಲ್ಲಿ ನನ್ ಅಕ್ಕನ ಮಗಳು ಸಿಂಚನ ಕಾಲೇಜಿಂದ ಬಂದು ಫೋನ್ ನೋಡಿದ್ಲು.

ಸಿಂಚನ: ತಾತಾ ಅದು ನ್ಯೂಸ್ ಅಲ್ಲ!!! ನನ್ ಸ್ಟೇಟಸ್ ಅದು!! ಡೆಲಿರಿಯಂ ಅಂತ ಕಾದಂಬರಿ, ಲಾರೆನ್ ಆಲಿವರ್ ಬರ್ದಿರೋದು, 2011ರಲ್ಲಿ ಬಂದಿದ್ದು, ಮೂರು ಭಾಗದಲ್ಲಿ ಮೊದಲ್ನೇದು. ಅದ್ರಲ್ಲಿ ಸರ್ಕಾರ ಪ್ರೀತಿನ ಕಾಯಿಲೆ ಅಂತ ಮಾಡ್ಬಿಟ್ಟಿರುತ್ತೆ, ಊರ ಸುತ್ತ ಕರೆಂಟ್ ಬೇಲಿ, ಲೀನಾ ಅಂತ ಹುಡ್ಗಿ ಆಪರೇಷನ್‌ಗೆ ಇನ್ನು 95 ದಿನ ಅಂತ ಎಣಿಸ್ತಿರ್ತಾಳೆ, ಭಯಕ್ಕಲ್ಲ, ಯಾವಾಗ ಆಗುತ್ತೋ ಅಂತ ಕಾಯ್ತಾ, ಯಾಕಂದ್ರೆ ಅವ್ಳ ಅಮ್ಮ ಆ ಕಾಯಿಲೆಯಿಂದ್ಲೇ ಹೋದ್ಲು ಅಂತ ಎಲ್ರೂ ಹೇಳಿರ್ತಾರೆ, ಅಷ್ಟ್ರಲ್ಲಿ ಅಲೆಕ್ಸ್ ಸಿಗ್ತಾನೆ. ಸರ್ಕಾರ ಅದ್ರಲ್ಲಿ ವಿಲನ್ ತಾತ! ನಂಗಂತೂ ಆ ಬುಕ್ ಮೇಲೆ ಪೂರ್ತಿ ಲವ್ ಆಗ್ಬಿಟ್ಟಿದೆ, ರಾತ್ರಿ ನಿದ್ದೇನೂ ಬರ್ತಿಲ್ಲ.

ದೊಡ್ಡಪ್ಪ: ಲವ್ ಆಗದೆ ಅಂತ ಅವ್ಳೇ ಬರ್ದವ್ಳಲ್ಲ! ನಿದ್ದೇನೂ ಬರಕಿಲ್ವಂತೆ! ಇವ್ಳಪ್ಪ ಎಲ್ಲವ್ನೆ?

ಕಿರಣ: ಬುಕ್ ಮೇಲೆ ದೊಡ್ಡಪ್ಪ. ಬುಕ್ ಮೇಲೆ. ಪೂರ್ತಿ ಓದಿ. ಸ್ಟೇಟಸ್ ನ್ಯೂಸ್ ಆಗಿದ್ದು ಹೆಂಗೆ ಅದ್ ಹೇಳ್ಲಿ ಯಾರಾದ್ರೂ.

ಶಾಂತತ್ತೆ: ಚೆನ್ನಾಗಿದೆ ಅಂತ ನಾನು ಭಜನೆ ಗ್ರೂಪಿಗೆ ಹಾಕಿದ್ದೆ ಅಷ್ಟೇ. ಋಷಿಮುನಿಗಳನ್ನ ನಾನ್ ಸೇರ್ಸಿಲ್ಲ.

ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಚಾಮರಾಜಪುರಂ ಶಿವು ಮಾವ ಎದ್ರು, ಅವ್ರು ಎದ್ರೆ ವಾಯ್ಸ್ ನೋಟೇ. ಅವರಮ್ಮ ಅಕ್ಕಿ ಡಬ್ಬದಲ್ಲಿ ಕಾದಂಬರಿ ಬಚ್ಚಿಡ್ತಿದ್ರಂತೆ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದಿದ್ದು, ಪತ್ತೇದಾರ ಪುರುಷೋತ್ತಮ ಇವ್ರಿಗೆ, ತ್ರಿವೇಣಿ ಅವ್ರಿಗೆ, ತ್ರಿವೇಣಿ ನಮ್ಮ ಮೈಸೂರೋರೇ ಕಣ್ರಯ್ಯ, 1963ರಲ್ಲಿ ಅಷ್ಟು ಚಿಕ್ಕ ವಯಸ್ಸಿಗೇ ಹೋಗ್ಬಿಟ್ರು, ಆಮೇಲೆ 1971ರಲ್ಲಿ ಪುಟ್ಟಣ್ಣ ಶರಪಂಜರ ಸಿನಿಮಾ ಮಾಡಿದ್ರು, ಕಲ್ಪನಾ ಆ್ಯಕ್ಟಿಂಗ್ ನೋಡಿ ಥಿಯೇಟರಲ್ಲಿ ಅಮ್ಮ ಅತ್ತಿದ್ದು ಹಿಂದಿನ ಸೀಟಿನೋರಿಗೂ ಕೇಳ್ಸಿತ್ತು, ಅಂತ ನಾಲ್ಕು ನಿಮಿಷ. ಕೊನೇಲಿ ಕುಕ್ಕರ್ ಕೂಗಿದ್ದೂ ಇತ್ತು.

ಸಿಂಚನ ಅದನ್ನ ಪೂರ್ತಿ ಕೇಳಿದ್ಲು, ನಾವ್ಯಾರೂ ಮಾಡ್ದೇ ಇರೋ ಕೆಲ್ಸ.

ಸಿಂಚನ: ಮಾವ ಶರಪಂಜರ ನಾನೂ ಓದಿದೀನಿ. ಕಾವೇರಿ ವಾಸಿಯಾಗಿ ಮನೆಗೆ ಬಂದ್ರೂ ಎಲ್ರೂ ಅವ್ಳನ್ನ ಹುಚ್ಚಿ ಅಂತ್ಲೇ ನೋಡ್ತಾರಲ್ಲ, ಇದ್ರಲ್ಲಿ ಉಲ್ಟಾ, ಆರೋಗ್ಯವಾಗಿರೋರ್ನ ಹಿಡಿದು ವಾಸಿ ಮಾಡ್ತೀವಿ ಅಂತಾರೆ. ವಾಸಿಯಾದೋರು ಅಳಲ್ಲ, ಕೂಗಾಡಲ್ಲ, ಮಕ್ಕಳ ಮೇಲೂ ಅಷ್ಟೇನು ಆಸೆ ಇರಲ್ಲ. ನಂಗೆ ಅಲೆಕ್ಸ್‌ಗಿಂತ ಜಾಸ್ತಿ ಕಾಡಿದ್ದು ಅದೇ. ರೋಮಿಯೋ ಜೂಲಿಯೆಟ್ ಕಥೇನ ಆ ಊರಿನ ಸ್ಕೂಲಲ್ಲಿ ಹಿಂಗ್ ಆಗ್ಬೇಡಿ ಅಂತ ಪಾಠ ಮಾಡ್ತಾರೆ ಗೊತ್ತಾ.

ದೊಡ್ಡಪ್ಪ: ಸರ್ಯಾಗೇ ಮಾಡವ್ರೆ.

ಸಿಂಚನ: ಮದುವೆಗೆ ಮುಂಚೆ ಒಂದು ಇಂಟರ್ವ್ಯೂ ಇರುತ್ತೆ, ಕೂರ್ಸಿ ಪ್ರಶ್ನೆ ಕೇಳಿ ಮಾರ್ಕ್ಸ್ ಕೊಡ್ತಾರೆ, ಆ ಮಾರ್ಕ್ಸ್ ಮೇಲೆ ಹುಡುಗ್ರ ಪಟ್ಟಿ ಬರುತ್ತೆ.

ಶಾಂತತ್ತೆ: ಪಟ್ಟೀನಾ? ಅದೃಷ್ಟವಂತೆ ಬಿಡು. ನನ್ನ ನೋಡೋಕೆ ಬಂದಾಗ ಹಾಡು ಹೇಳ್ಸಿದ್ರು, ಸೂಜಿಗೆ ದಾರ ಪೋಣಿಸ್ಸಿದ್ರು, ಕೊನೆಗೆ ನಿಮ್ಮ ಮಾವ ಒಬ್ರೇ.

ಇದಕ್ಕೆ ಹದಿಮೂರು ನಗೋ ಮುಖ ಬಂತು, ಮಾವಂದೂ ಒಂದಿತ್ತು. ಆ ನಗು ಹಂಗೇ ಇದ್ದಿದ್ರೆ ಚೆನ್ನಾಗಿರ್ತಿತ್ತು, ದೊಡ್ಡಪ್ಪ ಬಿಡ್ಬೇಕಲ್ಲ.

ದೊಡ್ಡಪ್ಪ: ಕಥೆನೋ ಪುರಾಣನೋ, ಒಳಗಿರೋ ವಿಷ್ಯ ನಿಜ. ಹೆತ್ತೋರಿಗೆ ಒಂದ್ ಮಾತು ಹೇಳ್ದಂಗೆ ಆಫೀಸಿಗೋಗಿ ಸೈನ್ ಹಾಕ್ಬುಟ್ಟು ಬಂದ್ರೆ ಅದು ಕಾಯಿಲೆ ಅಲ್ದೆ ಇನ್ನೇನು.

ಸೀನಣ್ಣ ಗ್ರೂಪಲ್ಲಿ ಹುಟ್ಟಿದಬ್ಬಕ್ಕೆ ಕೇಕ್ ಹಾಕೋದು ಬಿಟ್ರೆ ಮಾತಾಡಲ್ಲ. ಅವತ್ತು ಮೇಲೆ 'ಟೈಪಿಂಗ್' ಅಂತ ಬಹಳ ಹೊತ್ತು ಬಂತು, ಹೋಯ್ತು, ಮತ್ತೆ ಬಂತು.

ಸೀನಣ್ಣ: ಹೇಳ್ದಂಗೆ ಅಲ್ಲ ಅಪ್ಪ. ವಿಶೇಷ ವಿವಾಹ ಕಾಯ್ದೆ 1954, ಅದ್ರ ಪ್ರಕಾರ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ಆಫೀಸಲ್ಲಿ ಎಲ್ರಿಗೂ ಕಾಣೋ ಹಂಗೆ ಅಂಟಿಸ್ತಾರೆ, ಹೆಸ್ರು ವಿಳಾಸ ಎಲ್ಲ. ಅಲ್ಲಿ ಅಂಟ್ಸಿದ್ ಮಾರನೇ ದಿನ ನಿಮಗೆ ಸುದ್ದಿ ಮುಟ್ಟಿತ್ತು. ನಾನೇ ಬಂದು ಹೇಳೋಣ ಅಂತಿದ್ದೆ, ಅಷ್ಟ್ರಲ್ಲಿ ಬೇರೆಯವ್ರು ಬಣ್ಣ ಕಟ್ಟಿ ಹೇಳಾಗಿತ್ತು. ಯಾರು ಹೇಳಿದ್ದು ಅಂತ ಇವತ್ತಾದ್ರೂ ಹೇಳಿ, ಸೋರ್ಸ್ ಬೇಕು ನಂಗೂ.

ಕೆಳಗೆ ಸಣ್ಣ ಅಕ್ಷರದಲ್ಲಿ ಬಂತು: ಚಿಕ್ಕಪ್ಪ ಗ್ರೂಪ್ ತೊರೆದಿದ್ದಾರೆ.

ಕಿರಣ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಡಿಲೀಟ್ ಮಾಡ್ದ. ಎಷ್ಟಾದ್ರೂ ಅವನಪ್ಪ. ನಾನು ಚಿಕ್ಕಪ್ಪಂಗೆ ಫೋನ್ ಮಾಡ್ದೆ, ಬೆರಳು ತಾಗ್ಬಿಡ್ತು ಅಂದ್ರು, ಸರಿ ಅಂತ ವಾಪಸ್ ಸೇರ್ಸಿದೆ. ದೊಡ್ಡಪ್ಪ ಆ ವಿಷ್ಯಕ್ಕೆ ಬಾಯೇ ಬಿಡ್ಲಿಲ್ಲ. ಸೀನಣ್ಣನೂ ಮತ್ತೆ ಕೇಳ್ಲಿಲ್ಲ, ಉತ್ರ ಸಿಕ್ಕಾಗಿತ್ತಲ್ಲ.

ಸಾಯಂಕಾಲ ಶಾಂತತ್ತೆ ಸಿಂಚನಂಗೆ ಪಿಡಿಎಫ್ ಹಾಕು ಅಂದ್ರು. ಹಂಗೆಲ್ಲ ಕದ್ದಿರೋ ಪಿಡಿಎಫ್ ಹಾಕಲ್ಲ ಅಜ್ಜಿ, ಭಾನುವಾರ ಬುಕ್ಕೇ ತರ್ತೀನಿ ಅಂದ್ಲು. ಇಂಗ್ಲಿಷ್ ನಂಗೆ ನಿಧಾನ, ನೀನೇ ಓದಿ ಹೇಳ್ಬೇಕು ಅಂತ ಅತ್ತೆ.

ದೊಡ್ಡಪ್ಪ: ಆ ಹುಡ್ಗ ಯಾರ ಮಗ?

ಸಿಂಚನ: ಯಾವ ಹುಡ್ಗ ತಾತ?

ದೊಡ್ಡಪ್ಪ: ಅದೇ ಅಲೆಕ್ಸು. ಮನೆ ಕಡೆ ಹೆಂಗೆ?

ಸಿಂಚನ: ಸ್ಪಾಯ್ಲರ್ ಆಗುತ್ತೆ. ಪರ್ವಾಗಿಲ್ವಾ? ಅವ್ನು ಬೇಲಿ ಆಚೆ ಕಾಡಲ್ಲಿ ಹುಟ್ಟಿರೋನು.

ದೊಡ್ಡಪ್ಪ: ನಾನ್ ಅಂದ್ಕಂಡೆ.