ಆಳಂದ ಗಡಿ ಊರಿಂದ ಕಲಬುರಗಿಗೆ 19 ಮಕ್ಕಳು: ಹೋಗೋದು ಸರಿ, ವಾಪಸ್ ಬರೋದು ಹೇಗೆ?

ಗಡಿ ಊರ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಆಳಂದ ತಾಲೂಕಿನಲ್ಲಿ, ಮಹಾರಾಷ್ಟ್ರ ಗಡಿಗೆ ಅಂಟಿಕೊಂಡ ಊರಿನ ಪಿಯು ಕಾಲೇಜಲ್ಲಿ ನಾನು ಅತಿಥಿ ಉಪನ್ಯಾಸಕ. ಕೆಮಿಸ್ಟ್ರಿ ಹೇಳುತ್ತೇನೆ. ಫಿಸಿಕ್ಸ್‌ಗೆ ಯಾರೂ ಇಲ್ಲದ ತಿಂಗಳು ಅದನ್ನೂ ಹೇಳುತ್ತೇನೆ. ನಮ್ಮಲ್ಲಿ ಲ್ಯಾಬ್ ಅಂದರೆ ಒಂದು ಕಪಾಟು, ಅಷ್ಟೇ.

ಸೆಕೆಂಡ್ ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಒಂದೊಂದಕ್ಕೂ ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಬ್ಯುರೆಟ್, ಅಂದರೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ, ಕೈಯಲ್ಲಿ ಹಿಡಿಯದ ಮಕ್ಕಳು ಪ್ರಯೋಗವನ್ನು ಬಾಯಿಪಾಠ ಮಾಡುತ್ತಿದ್ದಾರೆ. ಕಲಬುರಗಿಯ ಒಂದು ಕಾಲೇಜಲ್ಲಿರುವ ನನ್ನ ಗೆಳೆಯ ತಿಂಗಳಿಗೆ ಎರಡು ಭಾನುವಾರ ಅವರ ಲ್ಯಾಬ್ ತೆರೆದು ಕೊಡುತ್ತೇನೆ ಎಂದಿದ್ದಾನೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ದುಡ್ಡು ಬೇಡವಂತೆ. ಇಂಥ ಗೆಳೆಯ ಸಿಕ್ಕರೂ ಮಕ್ಕಳನ್ನು ಕರೆದುಕೊಂಡು ಹೋಗಿ ಬರುವುದು ನನಗೆ ಆಗುತ್ತಿಲ್ಲ.

ಮೊದಲ ಭಾನುವಾರದ ಕಥೆ ಕೇಳಿ. 11 ಹುಡುಗಿಯರು, 8 ಹುಡುಗರು. ಆರೂ ಕಾಲಿನ ಬಸ್ಸಿಗೆ ಅಂತ ಆರಕ್ಕೇ ಊರ ಅಗಸಿ (ಹೆಬ್ಬಾಗಿಲು) ಮುಂದೆ ನಿಂತೆವು. ಆ ಬಸ್ ಭಾನುವಾರ ಇರುವುದಿಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು, ನಾನೊಬ್ಬನೇ ಕೇಳಿರಲಿಲ್ಲ. ಎಂಟರ ಬಸ್ ಹಿಡಿದು, ಆಳಂದದಲ್ಲಿ ಇಳಿದು, ಇನ್ನೊಂದು ಹತ್ತಿ, ಕಲಬುರಗಿ ಬಸ್ ಸ್ಟ್ಯಾಂಡಿಂದ ಸಿಟಿ ಬಸ್ಸಲ್ಲಿ ಲ್ಯಾಬ್ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು.

ಆಮೇಲಿನದು ಚೆನ್ನಾಗಿತ್ತು. ಆಕ್ಸಾಲಿಕ್ ಆಸಿಡ್ ಬಿಸಿ ಮಾಡಿ, ಮೇಲಿಂದ ಪರ್ಮಾಂಗನೇಟ್ ಹನಿ ಹನಿಯಾಗಿ ಬಿಡುತ್ತಾ, ತಿಳಿ ಗುಲಾಬಿ ಬಣ್ಣ ನಿಂತ ಕೂಡಲೇ ನಲ್ಲಿ ಮುಚ್ಚಬೇಕು. ಒಂದು ಹುಡುಗಿ ಮೂರು ಸಲ ಒಂದು ಹನಿ ಜಾಸ್ತಿ ಬಿಟ್ಟಳು. ನಾಲ್ಕನೇ ಸಲ ಸರಿಯಾಯಿತು. ಅವಳ ಮುಖ ನೋಡಿ ನನಗೂ ಗಡಿಯಾರ ಮರೆತುಹೋಯಿತು. ಹೊರಟಾಗ ಐದು.

ಆಳಂದ ಸೇರಿದಾಗ ಏಳೂ ಹತ್ತು. ರಾತ್ರಿ ನಮ್ಮೂರಲ್ಲೇ ಉಳಿಯುವ ವಸ್ತಿ ಬಸ್ ಏಳಕ್ಕೆ ಸರಿಯಾಗಿ ಹೋಗಿತ್ತು. ಅದೊಂದು ದಿನ ಅದು ತಡವಾಗಬಾರದಿತ್ತಾ! ಎರಡು ಟಂಟಂ ಆಟೋ ಮಾಡಿ, 1,400 ರೂಪಾಯಿ ಕೈಯಿಂದ ಕೊಟ್ಟು ಊರು ಮುಟ್ಟಿದಾಗ ಒಂಬತ್ತು. ಅಗಸಿಯಲ್ಲಿ ಅಪ್ಪಂದಿರು ನಿಂತಿದ್ದರು. ಯಾರೂ ಬೈಯಲಿಲ್ಲ. ಮಾರನೇ ದಿನ ಮೂವರು ಹುಡುಗಿಯರು "ಸರ, ನಾವು ಇನ್ನ ಬರಂಗಿಲ್ರಿ" ಅಂದರು. ಅದರಲ್ಲಿ ಆ ನಾಲ್ಕನೇ ಸಲದವಳೂ ಇದ್ದಳು.

ಇನ್ನೊಂದು ವಿಷಯ. ಹುಡುಗಿಯರಿಗೆ ಟಿಕೆಟ್ ಇಲ್ಲ, ಹುಡುಗರಿಗೆ ಹೋಗಿ ಬರೋಕೆ ನೂರೈವತ್ತರ ಹತ್ತಿರ ಬೀಳುತ್ತದೆ. ಅವರ ಪಾಸು ಮನೆಯಿಂದ ಕಾಲೇಜಿಗೆ ಮಾತ್ರ. ಹುಡುಗಿಯರಲ್ಲೂ ಇಬ್ಬರ ಆಧಾರಲ್ಲಿ ಮಹಾರಾಷ್ಟ್ರದ ಅಕ್ಕಲಕೋಟ ಕಡೆ ವಿಳಾಸ ಇದೆ, ಅವರೂ ದುಡ್ಡು ಕೊಟ್ಟರು. ಯಾರಾದರೂ ಇಂಥದ್ದು ಮಾಡಿದ್ದರೆ ದಾರಿ ಹೇಳಿ.

ಖಾಕಿ ಚೀಲ:

ಮೇಷ್ಟ್ರೇ, 29 ವರ್ಷ ಕಂಡಕ್ಟರ್ ಆಗಿದ್ದವನು ನಾನು. ಶಾಲೆ ಮಕ್ಕಳಿಗೆ ಅಂತ ಓಡಿಸುವ ಟ್ರಿಪ್ ಭಾನುವಾರ ಸಾಮಾನ್ಯವಾಗಿ ಇರುವುದಿಲ್ಲ. ಮೊದಲೇ ವಿಚಾರಿಸಬೇಕಿತ್ತು.

ಈಗ ಡಿಪೋಗೆ ಹೋಗಿ. ಪ್ರಿನ್ಸಿಪಾಲರ ಸಹಿ ಇರುವ ಪತ್ರ ಕೊಡಿ, ಅದರಲ್ಲಿ ಎಲ್ಲ ಭಾನುವಾರಗಳ ತಾರೀಖು ಒಟ್ಟಿಗೇ ಬರೆಯಿರಿ. ಹೊಸ ಬಸ್ ಮಾತ್ರ ಕೇಳಬೇಡಿ, ಅದು ಫೈಲಲ್ಲೇ ಮಲಗುತ್ತದೆ. ಆ ದಿನಗಳಲ್ಲಿ ವಸ್ತಿ ಬಸ್ ಅರ್ಧ ಗಂಟೆ ತಡವಾಗಿ ಬಿಡಿ ಅಂತ ಅಷ್ಟೇ ಕೇಳಿ. ಪತ್ರದ ಒಂದು ಪ್ರತಿ ಸ್ಟ್ಯಾಂಡಿನ ಕಂಟ್ರೋಲರ್ ಕೈಗೂ ಕೊಡಿ. ಸಾಯಂಕಾಲ ಗಾಡಿ ಬಿಡುವವರು ಅವರೇ. ಇನ್ನು ವಸ್ತಿ ಗಾಡಿಯ ಡ್ರೈವರ್, ಕಂಡಕ್ಟರ್ ರಾತ್ರಿ ನಿಮ್ಮೂರಲ್ಲೇ ಮಲಗುತ್ತಾರೆ ಅಲ್ವಾ? ಒಂದು ದಿನ ಅವರನ್ನು ಊಟಕ್ಕೆ ಕರೆಯಿರಿ. ನನಗೆ ಒಂದು ಊರಲ್ಲಿ ಒಬ್ಬ ಮುದುಕಿ ಎಂಟು ತಿಂಗಳು ದಿನಾ ಬಿಸಿ ರೊಟ್ಟಿ ಕೊಟ್ಟಿದ್ದಳು, ಆಕೆ ಬರುವವರೆಗೆ ನಾನು ಸೀಟಿ ಊದುತ್ತಿರಲಿಲ್ಲ.

ಪತ್ರದಲ್ಲಿ ಹುಡುಗಿಯರ ಸಂಖ್ಯೆ ದಪ್ಪಗೆ ಬರೆಯಿರಿ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಜೀರೋ ಟಿಕೆಟ್ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡುತ್ತದೆ. ಹಾಗಾಗಿ ಹುಡುಗಿಯರು ಬಸ್ಸಿಗೆ ಭಾರ ಅಲ್ಲ, ಗಿರಾಕಿಗಳು. ಆದರೆ ಪೂರ್ತಿ ಬಸ್ ಬಾಡಿಗೆಗೆ ಮಾಡಿದರೆ ಶಕ್ತಿ ನಡೆಯುವುದಿಲ್ಲ, ಅದನ್ನೂ ನೆನಪಿಡಿ.

ಚಿಂಚೋಳಿ ಹುಡುಗಿ:

ಸರ್, ನಾನು ಇಲ್ಲೇ ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪಿಯುನಲ್ಲಿ ನಾನೂ "ಬರಂಗಿಲ್ರಿ" ಅಂದವಳೇ. ಅದು ನನ್ನ ಮಾತಾಗಿರಲಿಲ್ಲ, ಮನೆಯದಾಗಿತ್ತು.

ಅಪ್ಪಂದಿರಿಗೆ ತಿಳಿಸಿ ಹೇಳುವುದು ಆಮೇಲೆ. ಮೊದಲು ಇಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಬನ್ನಿ. ಅವರಿಗೂ ಜೀರೋ ಟಿಕೆಟ್ಟೇ ಅಲ್ವಾ? ಮಕ್ಕಳು ಲ್ಯಾಬಲ್ಲಿ ಇರುವಾಗ ಅವರು ಶರಣಬಸವೇಶ್ವರ ಗುಡಿಗೆ ಹೋಗಲಿ, ಅಲ್ಲೇ ದಾಸೋಹದಲ್ಲಿ ಉಣ್ಣಲಿ, ಸೂಪರ್ ಮಾರ್ಕೆಟಲ್ಲಿ ಬಳೆ ಕೊಳ್ಳಲಿ. ಪ್ರತಿ ಸಲ ಬೇರೆ ಇಬ್ಬರು. ಎರಡು ತಿಂಗಳಲ್ಲಿ ಎಂಟು ತಾಯಂದಿರು ಆ ಲ್ಯಾಬ್ ನೋಡಿರುತ್ತಾರೆ. ಸಂಜೆ ನಾಲ್ಕಕ್ಕೆ ಲ್ಯಾಬಿಂದ ನಿಮ್ಮನ್ನು ಎಬ್ಬಿಸುವವರೂ ಅವರೇ ಆಗುತ್ತಾರೆ!

ಆಮೇಲೆ, ಬೇಜಾರಾಗಬೇಡಿ, ಲ್ಯಾಬ್ ಕಟ್ಟಡದಲ್ಲಿ ಭಾನುವಾರ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿರುತ್ತಾರಾ ನೋಡಿ. ಇದನ್ನು ಹುಡುಗಿಯರು ನಿಮಗೆ ಹೇಳುವುದಿಲ್ಲ.

ಬೀದರ್‌ಕರ್:

ನನಗೆ ಒಂದು ಅರ್ಥವಾಗುತ್ತಿಲ್ಲ. 19 ಮಕ್ಕಳು ಓಡಾಡುವ ಬದಲು ಆ ಗೆಳೆಯ ಒಬ್ಬನೇ ನಿಮ್ಮೂರಿಗೆ ಬಂದರೆ ಆಗುವುದಿಲ್ಲವೇ? ಇಲ್ಲವಾದರೆ ಶನಿವಾರ ರಾತ್ರಿಯೇ ಕಲಬುರಗಿಯಲ್ಲಿ ಉಳಿಯಿರಿ. ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. ಅದರಲ್ಲಿ ದೂರದಿಂದ ಬಂದವರು ಉಳಿಯಲು ಕೋಣೆಗಳಿದ್ದವು. ಓದಲು ಬಾ ಅಂದಮೇಲೆ ಮಲಗಲು ಜಾಗ ಕೊಡಬೇಕು ಅಂತ ಆಗಲೇ ತಿಳಿದಿತ್ತು.

ಗಡಿ ಊರ ಮೇಷ್ಟ್ರು:

ಬೀದರ್‌ಕರ್ ಅವರೇ, ಗೆಳೆಯ ಬರುತ್ತಾನೆ, ಲ್ಯಾಬ್ ಬರಬೇಕಲ್ಲ. ಒಂಬತ್ತು ಗಂಟೆಗೆ ಬಂದಿದ್ದಕ್ಕೇ ಮೂವರು ಹೋದರು, ರಾತ್ರಿ ಉಳಿಸಿದರೆ ಕಾಲೇಜಿಗೇ ಬೀಗ! ಮಕ್ಕಳನ್ನೇ ಕರೆದೊಯ್ಯಲು ಇನ್ನೊಂದು ಕಾರಣವೂ ಇದೆ. ದಾರಿಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಕಂಡಾಗ ಒಬ್ಬ ಹುಡುಗ "ಸರ, ಇದ್ರಾಗ ನಮ್ಮಂಥವ್ರನ್ನ ತೊಗೋತಾರೇನ್ರಿ?" ಎಂದು ಕೇಳಿದ. ಅದು 2009ರಲ್ಲಿ ಶುರುವಾದದ್ದು, ಈಗ ನಮ್ಮ ತಾಲೂಕಲ್ಲೇ ಇದೆ. ಅವನು ಅವತ್ತೇ ಮೊದಲು ನೋಡಿದ್ದು.

ಬೀದರ್‌ಕರ್:

ಸರಿ, ಸೋತೆ. ಹಾಗಾದರೆ ಹುಡುಗರ ಟಿಕೆಟ್‌ಗೆ ಒಂದು ಉಪಾಯ. ಈಗ ತೊಗರಿ ರಾಶಿ ಸಮಯ. ಊರಲ್ಲಿ ದುಡ್ಡು ಕೇಳಿದರೆ ಎಲ್ಲರೂ ಜೇಬು ಮುಟ್ಟಿಕೊಳ್ಳುತ್ತಾರೆ. ಕಣದಲ್ಲಿ ನಿಂತು ಕಾಳು ಕೇಳಿದರೆ ಇಲ್ಲ ಅನ್ನುವುದಿಲ್ಲ, ರಾಶಿ ಮುಂದೆ ಇಲ್ಲ ಅನ್ನಬಾರದು ಅನ್ನೋ ನಂಬಿಕೆ ಇದೆಯಲ್ಲ. ಮನೆಗೆ ಎರಡು ಸೇರು ಸಿಕ್ಕರೂ ಚೀಲ ತುಂಬುತ್ತದೆ. ಆಳಂದದಲ್ಲಿ ಮಾರಿ.

ಖಾಕಿ ಚೀಲ:

ಅಕ್ಕಲಕೋಟ ವಿಳಾಸದ ಇಬ್ಬರ ಟಿಕೆಟ್ಟೂ ಅದರಲ್ಲೇ ತೆಗೆಯಿರಿ. ಈ ಊರಲ್ಲೇ ವಾಸ ಇದ್ದರೆ ಆಧಾರ್ ವಿಳಾಸ ಬದಲಾಯಿಸಲು ಅರ್ಜಿಯನ್ನೂ ಹಾಕಿಸಿ.

ಗಡಿ ಊರ ಮೇಷ್ಟ್ರು:

ಹನ್ನೆರಡು ದಿನ ಆಯಿತು, ಸುದ್ದಿ ಹೇಳುತ್ತೇನೆ. ಡಿಪೋದಲ್ಲಿ ಪತ್ರ ತೆಗೆದುಕೊಂಡು ಏಳೂ ಇಪ್ಪತ್ತಕ್ಕೆ ಬಿಡುತ್ತೇವೆ ಎಂದರು, ಬಾಯಿಮಾತಿಗೆ. ವಸ್ತಿ ಬಸ್ಸಿನ ಇಬ್ಬರನ್ನು ನಿನ್ನೆ ಊಟಕ್ಕೆ ಕರೆದಿದ್ದೆ. ಪುಂಡಿಪಲ್ಯ ಮೂರು ಸಲ ಹಾಕಿಸಿಕೊಂಡರು, ಒಳ್ಳೆಯ ಲಕ್ಷಣ. ಬೆಳಿಗ್ಗೆ ಆಳಂದದವರೆಗೆ ಹಾಲಿನ ಟೆಂಪೋದವನು ಬಿಡುತ್ತೇನೆ ಅಂದ, ಬೇಡ ಅಂದೆ. ಕ್ಯಾನಿನ ಮೇಲೆ ಮಕ್ಕಳನ್ನು ಕೂರಿಸುವ ಧೈರ್ಯ ನನಗಿಲ್ಲ. ಎಂಟರ ಬಸ್ಸಿಗೇ ಹೋಗುತ್ತೇವೆ. ಗೆಳೆಯ ಹನ್ನೊಂದೂವರೆಗೆ ಶುರು ಮಾಡುತ್ತಾನೆ, ನಾಲ್ಕೂವರೆಗೆ ಬಿಡುತ್ತಾನೆ.

ಶೌಚಾಲಯಕ್ಕೆ ಬೀಗ ಇತ್ತಂತೆ, ತಂಗಿ. ಕೀಲಿ ತೆಗೆದಿಡಲು ಹೇಳಿದ್ದೇನೆ.

ಇಬ್ಬರು ತಾಯಂದಿರು ಒಪ್ಪಿದ್ದಾರೆ. ಮೂವರಲ್ಲಿ ಇಬ್ಬರು ಹುಡುಗಿಯರು ಮತ್ತೆ ಹೆಸರು ಬರೆಸಿದರು. ನಾಲ್ಕನೇ ಸಲದವಳು ಇನ್ನೂ ಇಲ್ಲ. ನಾಳೆ ಅವರ ಹೊಲದಲ್ಲಿ ರಾಶಿ ಇದೆ. ಚೀಲ ಹಿಡಿದು ಹೋಗುತ್ತೇನೆ. ಮೊದಲು ತೊಗರಿ ಕೇಳಲೋ, ಮಗಳನ್ನು ಕಳಿಸಿ ಅನ್ನಲೋ, ಅದೊಂದು ಗೊತ್ತಾಗುತ್ತಿಲ್ಲ.

ಚಿಂಚೋಳಿ ಹುಡುಗಿ:

ಮಗಳದ್ದು ಮೊದಲು, ಸರ್. ಅದೂ ಅವರ ಅವ್ವನ ಹತ್ತಿರ.